ಬದನೆಕಾಯಿ ಹೊತ್ತ ಅಪವಾದ

ಬೆಳಿಗ್ಗೆ ಎದ್ದ ಕೂಡಲೇ ನನ್ನ ಮೊದಲ ಕೆಲಸ ಬಚ್ಚಲ ಒಲೆಗೆ ಬೆಂಕಿ ಹಾಕುವುದು. ಆ ದಿನವೂ ಹಾಗೇ ಶುರುವಾಯಿತು. ಒಣಗಿದ ಕಾಫಿ ಕೊಂಬೆ ಚಟಪಟ ಹತ್ತಿಕೊಂಡು ಹಂಡೆಯ ನೀರು ಕಾಯುವಷ್ಟರಲ್ಲಿ ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿದಿತ್ತು. ಕಾಫಿ ಹಣ್ಣು ಕುಯ್ಲಿನ ಕಾಲ. ನಮ್ಮನೆಯವರು ಕಾಫಿ ಕುಡಿದ ಲೋಟವನ್ನು ಜಗಲಿಯ ಮೇಲೇ ಬಿಟ್ಟು ಕಣದ ಕಡೆ ಹೋಗಿದ್ದರು. ಅತ್ತೆ ಮಗುವಿಗೆ ಎಣ್ಣೆ ಹಚ್ಚುತ್ತಾ, ನಡುನಡುವೆ ನನ್ನ ಪಾತ್ರೆಗಳ ಮೇಲೆ ಕಣ್ಣು ಹಾಯಿಸುತ್ತಾ ಕೂತಿದ್ದರು. ನಾನು ಬಾಣಂತಿಯ ಅನ್ನವನ್ನು ಮೆತ್ತಗೆ ಬೇಯಿಸಿ, ಮೆಣಸಿನ ಸಾರು ಕುದಿಸಿ, ಬೆಳ್ಳುಳ್ಳಿ ಸುಟ್ಟು ತಟ್ಟೆಗೆ ಹಾಕಿದೆ. ಅಷ್ಟೇ. ಅದರಾಚೆ ಏನನ್ನೂ ಬಡಿಸುವ ಅಪ್ಪಣೆ ನನಗಿರಲಿಲ್ಲ.

ಬಾಣಂತಿ ಎಂದರೆ ನನ್ನ ನಾದಿನಿ, ನಮ್ಮನೆಯವರ ಒಬ್ಬಳೇ ತಂಗಿ. ಅವಳನ್ನು ಸಂಸೆಯ ಕಡೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಅಂದರೆ ವಸ್ತಾರೆಯ ಹತ್ತಿರದ ನಮ್ಮ ಮನೆಗೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ವರ್ಷಗಳು ಅವು. ಚಿಕ್ಕಮಗಳೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಸಿಸೇರಿಯನ್ ಆಯಿತು. ಹೆಣ್ಣು ಮಗು, ಮುದ್ದೆಯ ಹಾಗೆ ಗುಂಡಗಿತ್ತು. ಎಲ್ಲಾ ಸರಿಯಾಯಿತು ಅಂದುಕೊಳ್ಳುವಾಗ, ಹೊಲಿಗೆ ಬಿಚ್ಚಿದ ಮೇಲೆ ಗಾಯದ ಒಂದು ಮೂಲೆ ಬಾಯಿ ಬಿಟ್ಟಿತು. ಅಲ್ಲಿಂದ ಕೀವು. ದಿನ ಬಿಟ್ಟು ದಿನ ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಡ್ರೆಸಿಂಗ್ ಮಾಡಿಸಿಕೊಂಡು ಬರುವುದಾಯಿತು. ಹೋಗಿ ಬಂದ ಮೇಲೆ ಗಾಯ ಕಡಿಮೆಯಾಗಬೇಕಲ್ಲ? ಬಾಯಿ ಇನ್ನಷ್ಟು ಅಗಲವಾಗುತ್ತಿತ್ತು.

ಇದಕ್ಕೆ ನಮ್ಮ ಮನೆಯಲ್ಲಿ ಒಂದೇ ಕಾರಣ: ನಂಜು. ನಮ್ಮ ಕಡೆ ಗಾಯ ಕೀವಾದರೆ ಯಾರೂ ಗಾಯವನ್ನು ನೋಡುವುದಿಲ್ಲ, ಊಟದ ತಟ್ಟೆಯನ್ನು ನೋಡುತ್ತಾರೆ. ಯಾವುದೋ ನಂಜಿನ ಪದಾರ್ಥ ಹೊಟ್ಟೆಗೆ ಹೋಗಿದೆ, ಅದಕ್ಕೇ ಗಾಯ ಮಾಗುತ್ತಿಲ್ಲ ಎಂಬ ಲೆಕ್ಕ. ಹಿತ್ತಿಲಿನ ಗೊಬ್ಬರದ ಗುಂಡಿಯಲ್ಲಿ ಬದನೆಕಾಯಿಯ ತೊಟ್ಟು ಅತ್ತೆಯ ಕಣ್ಣಿಗೆ ಬಿತ್ತು. ಆಳುಗಳ ಸಾರಿಗೆ ನಾನು ಹೆಚ್ಚಿದ್ದು. ಬಾಣಂತಿಯ ತಟ್ಟೆಗೆ ಅದರ ಹಬೆಯೂ ತಾಗಿರಲಿಲ್ಲ.

"ಬಾಣಂತಿ ಇರೋ ಮನೇಲಿ ಬದನೆಕಾಯಿ ಒಲೆ ಮೇಲೆ ಏರುತ್ತೇನೇ? ನಿಮ್ಮ ಕಾನ್ವೆಂಟಲ್ಲಿ ಇದೆಲ್ಲ ಹೇಳಿಕೊಡಲಿಲ್ವಾ?" ಎಂದರು ಅತ್ತೆ.

ಸಂಸೆಯಿಂದ ನಾದಿನಿಯ ಅತ್ತೆಯ ಫೋನು. "ಪಥ್ಯ ನಡೆಸೋಕಾಗ್ದಿದ್ರೆ ಹೇಳಿಬಿಡಿ, ನಾವೇ ಬಂದು ಕರ್ಕೊಂಡು ಹೋಗ್ತೀವಿ."

ಅಲ್ಲಿಂದ ಕಡಿತ ಶುರುವಾಯಿತು. ಮೊದಲು ಕುಂಬಳಕಾಯಿ ಹೋಯಿತು, ಆಮೇಲೆ ಆಲೂಗಡ್ಡೆ, ಮೊಸರು, ಸೊಪ್ಪು. ಕೊನೆಗೆ ಬೇಳೆಯೂ ನಂಜಾಯಿತು. ಉಳಿದದ್ದು ಅನ್ನ, ಮೆಣಸು, ಬೆಳ್ಳುಳ್ಳಿ. ಹಸಿ ಗಾಯ ಇಟ್ಟುಕೊಂಡು, ಮಗುವಿಗೆ ಹಾಲು ಕೊಡಬೇಕಾದ ಹೆಣ್ಣುಮಗಳಿಗೆ ಇಷ್ಟು. ಅವಳ ಕೆನ್ನೆಯ ಮೂಳೆ ಎದ್ದು ಬಂತು. ಎದೆಯಲ್ಲಿ ಹಾಲು ಇಳಿಯುತ್ತಾ ಹೋಯಿತು. ಮಗು ಬಾಯಿಟ್ಟು, ಬಿಟ್ಟು, ಮತ್ತೆ ಬಾಯಿಟ್ಟು ಕಿರುಚುತ್ತಿತ್ತು. "ಅತ್ತಿಗೆ, ನಂಗೆ ಹಸಿವು" ಎಂದು ಅವಳು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು, ಕದ್ದ ಮಾತಿನ ಹಾಗೆ. ಹೀಗೇ ಮುಂದುವರಿದರೆ ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ ಎಂಬ ಹೆದರಿಕೆ ನನಗೆ ಹಿಡಿದಿತ್ತು.

ಪ್ರತಿ ಸಲ ಡ್ರೆಸಿಂಗಿಗೆ ಜೀಪು ಓಡಿಸುವವರು ನಮ್ಮನೆಯವರು, ಜೊತೆಯಲ್ಲಿ ಹೋಗುತ್ತಿದ್ದವರು ಅತ್ತೆ. ಆ ದಿನ ಅವರಿಗೆ ಮಂಡಿ ಹಿಡಿದುಕೊಂಡಿತ್ತು, ಜೀಪು ಹತ್ತಲಾಗಲಿಲ್ಲ. "ನೀನೇ ಹೋಗಿ ಬಾ. ಬಂದವಳು ಹಿತ್ತಿಲಿಂದ ಬಾ, ನೀರು ಕಾದಿರುತ್ತೆ" ಎಂದರು. ಹಿತ್ತಿಲಿಂದ ಬಾ ಎಂದರೆ ಸ್ನಾನ ಮಾಡದೆ ಒಳಗೆ ಬರಬೇಡ ಎಂದು ಅರ್ಥ. ಆಸ್ಪತ್ರೆಗೆ ಹೋಗಿ ಬಂದವರು ಬಚ್ಚಲಿಗೆ ಹೋಗಿ, ಉಟ್ಟ ಬಟ್ಟೆ ನೆನೆಹಾಕಿ, ತಲೆ ಮೇಲೆ ನೀರು ಹೊಯ್ದುಕೊಂಡೇ ಅಡುಗೆಮನೆ ದಾಟಬೇಕು. ನಮ್ಮ ಸುತ್ತಮುತ್ತಲಿನ ಎಲ್ಲ ಮನೆಗಳಲ್ಲೂ ಇದೇ ಕಟ್ಟುಪಾಡು. ಒಳ್ಳೆಯದೇ ಎಂದುಕೊಂಡಿದ್ದೆ ನಾನು.

ನರ್ಸಿಂಗ್ ಹೋಮಿನ ಪಡಸಾಲೆಯ ಬೆಂಚಿನ ಮೇಲೆ ನಮಗಿಂತ ಮೊದಲೇ ಹೆಂಗಸರು ಕೂತಿದ್ದರು. ನಾದಿನಿ ಹೊಟ್ಟೆ ಹಿಡಿದುಕೊಂಡು ಕೂರುವ ರೀತಿ ನೋಡಿಯೇ ಪಕ್ಕದವಳು ಕೇಳಿದಳು, "ನಿಮ್ದೂ ಬಾಯಿ ಬಿಟ್ಟಿದ್ಯಾ?" ಅವಳು ಮಲ್ಲಂದೂರಿನ ಕಡೆಯ ಒಂದು ಎಸ್ಟೇಟಿನ ರೈಟರ, ಅಂದರೆ ಲೆಕ್ಕ ಬರೆಯುವವರ, ಹೆಂಡತಿ. ಅವಳದೂ ಸಿಸೇರಿಯನ್, ಇಲ್ಲೇ.

"ಏನು ತಿಂದ್ಬಿಟ್ರಿ?" ಎಂದು ನಾನೇ ಕೇಳಿದೆ. ಅಷ್ಟರ ಮಟ್ಟಿಗೆ ಆ ಪ್ರಶ್ನೆ ನಮ್ಮ ಬಾಯಲ್ಲಿ ಕೂತುಬಿಟ್ಟಿತ್ತು ನೋಡಿ.

"ನಾನೆಲ್ಲಿ ತಿಂದೆ? ಕಡ್ಲೆಕಾಯಿ ಚಟ್ನಿ ಮುಟ್ಟಿದ್ಯಾ ಅಂತಾರೆ ನಮ್ಮತ್ತೆ. ಕಡ್ಲೆಕಾಯಿ ಮನೆಗೇ ತಂದಿಲ್ಲ ಮಾರಾಯ್ತಿ."

ಗೋಡೆಗೆ ಒರಗಿದ್ದ ಇನ್ನೊಬ್ಬಳು ನಕ್ಕಳು. ಗರ್ಭಕೋಶದ ಆಪರೇಷನ್ ಆದವಳು. "ನಂಗೆ ಮೀನು ಅಂತ ಹೇಳಿದ್ರು. ನಿಮ್ಗೆ ಚಟ್ನೀನಾ? ಇವರಿಗೆ?"

"ಬದನೆಕಾಯಿ" ಎಂದಳು ನನ್ನ ನಾದಿನಿ. ಬಹಳ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡಿತು. ಹೊಲಿಗೆ ಹಿಡಿದುಕೊಂಡೇ ನಕ್ಕಳು. ಮೂವರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಒಂದು ಮನೆಯಲ್ಲಿ ಮೀನು, ಇನ್ನೊಂದರಲ್ಲಿ ಕಡಲೆಕಾಯಿ, ನಮ್ಮಲ್ಲಿ ಬದನೆಕಾಯಿ. ಊರು ಬೇರೆ, ಅಡುಗೆ ಬೇರೆ, ಅತ್ತೆಯರೂ ಬೇರೆ ಬೇರೆ. ಮೂವರಿಗೂ ಒಂದೇ ಆಗಿದ್ದದ್ದು ಏನು? ಎದುರಿಗಿದ್ದ ಹಸಿರು ಪರದೆಯ ಆ ಡ್ರೆಸಿಂಗ್ ಕೋಣೆ. ಅಡುಗೆ ಮಾಡುವವಳಿಗೆ ಇಷ್ಟು ತಿಳಿಯುತ್ತದೆ. ಪಂಕ್ತಿಯಲ್ಲಿ ಕೂತ ಬೇರೆ ಬೇರೆ ಮನೆಯವರಿಗೆಲ್ಲ ಒಟ್ಟಿಗೆ ಹೊಟ್ಟೆ ಕೆಟ್ಟರೆ, ಅವರವರ ಮನೆಯ ತಿಂಡಿಯನ್ನು ಯಾರೂ ಬೈಯುವುದಿಲ್ಲ. ಪಂಕ್ತಿಗೆ ಬಡಿಸಿದ ಪಾತ್ರೆಯನ್ನು ಮೂಸಿ ನೋಡುತ್ತಾರೆ.

ಪರದೆ ಸರಿಸಿ ಒಳಗೆ ಹೋದಾಗ ನಮಗಿಂತ ಮುಂಚಿನವನ ಡ್ರೆಸಿಂಗ್ ಇನ್ನೂ ನಡೆಯುತ್ತಿತ್ತು. ಕೊಂಬೆ ಕಡಿಯುವಾಗ ಕತ್ತಿ ಜಾರಿ ಕಾಲಿಗೆ ಏಟು ಮಾಡಿಕೊಂಡವನು. ಕಾಲು ಊದಿ ಬಣ್ಣ ಕೆಟ್ಟಿತ್ತು, ವಾಸನೆ ಬರುತ್ತಿತ್ತು. ನರ್ಸಮ್ಮ ಕೈಗೆ ಗ್ಲೌಸ್ ಹಾಕಿಕೊಂಡು, ಇಕ್ಕಳದಿಂದ ಹಳೆಯ ಹತ್ತಿ ಕಿತ್ತು ಬಕೆಟ್ಟಿಗೆ ಎಸೆದು, ಹೊಸ ಬಟ್ಟೆ ಸುತ್ತಿ ಅವನನ್ನು ಇಳಿಸಿದಳು. ಇಕ್ಕಳವನ್ನು ಸ್ಟೀಲ್ ತಟ್ಟೆಯ ನೀರಿಗೆ ಒಮ್ಮೆ ಅದ್ದಿದಳು. ಕಾಫಿ ಲೋಟ ತೊಳೆಯಲೂ ನಾನು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಆಮೇಲೆ ಅದೇ ಗ್ಲೌಸಿನ ಕೈಯಿಂದ ಮಂಚ ತಟ್ಟಿ, "ಬಾರಮ್ಮ, ಮಲ್ಕೋ" ಎಂದಳು.

ನಾನು ಮೂಲೆಯ ಕಡೆ ನೋಡಿದೆ. ಕೈ ತೊಳೆಯುವ ಬೇಸಿನ್ ಇತ್ತು. ಬೇಸಿನ್ನಿನೊಳಗೆ ಒಂದು ರಟ್ಟಿನ ಡಬ್ಬ ಇಟ್ಟಿದ್ದರು, ಡ್ರಿಪ್ ಬಾಟಲಿಗಳು ತುಂಬಿದ್ದು. ರಟ್ಟು ಗರಿಗರಿಯಾಗಿ ಒಣಗಿತ್ತು. ಒಂದು ಹನಿಯ ಕಲೆಯೂ ಅದರ ಮೇಲೆ ಇರಲಿಲ್ಲ. ಪಕ್ಕದ ಗೂಡಿನಲ್ಲಿ ಸೋಪು. ಸೋಪಿನ ಮೇಲೆ ಅಚ್ಚಾದ ಅಕ್ಷರಗಳು ಅಂಗಡಿಯಿಂದ ತಂದ ದಿನದ ಹಾಗೆ ಚೂಪಾಗಿದ್ದವು, ನಡುವೆ ಮಾತ್ರ ಒಣಗಿ ಉದ್ದಕ್ಕೆ ಬಿರುಕು. ನಮ್ಮ ಕಾನ್ವೆಂಟಿನಲ್ಲಿ ಮಧ್ಯಾಹ್ನ ಊಟಕ್ಕೆ ಮುಂಚೆ ಸಿಸ್ಟರ್ ಬಾಗಿಲಲ್ಲಿ ನಿಂತು ಪ್ರತಿಯೊಬ್ಬರ ಕೈ ತಿರುಗಿಸಿ ನೋಡುತ್ತಿದ್ದರು. ಉಗುರಲ್ಲಿ ಮಣ್ಣು ಕಂಡರೆ ಸಾಲಿನ ಕೊನೆಗೆ. ಬರೀ ಮೊಸರನ್ನ ತಿನ್ನುವುದಕ್ಕೆ ಅಷ್ಟು. ಇಲ್ಲಿ ತೆರೆದ ಹೊಟ್ಟೆ ಮುಟ್ಟುವುದಕ್ಕೆ ಸೋಪಿನ ಅಕ್ಷರವೂ ಸವೆದಿಲ್ಲ.

"ಸಿಸ್ಟರ್, ಒಂದ್ನಿಮಿಷ" ಎಂದೆ. ನರ್ಸಮ್ಮ ತಿರುಗಲಿಲ್ಲ. ಇನ್ನೊಮ್ಮೆ ಹೇಳಿದೆ. "ಕೈ ತೊಳ್ಕೊಂಡು ಬೇರೆ ಗ್ಲೌಸ್ ಹಾಕ್ಕೊಳ್ಳಿ. ಇಕ್ಕಳಾನೂ ಬೇರೆ ತಗೊಳ್ಳಿ."

"ಗ್ಲೌಸ್ ಹಾಕಿದೀನಲ್ಲಮ್ಮ, ಕೈ ಯಾಕೆ ತೊಳೀಬೇಕು? ನನ್ನ ಕೈಗೆ ಏನೂ ತಾಗಿಲ್ಲ."

ಅವಳ ಕೈಗೆ ತಾಗಿಲ್ಲ! ಅವಳು ಸುಳ್ಳು ಹೇಳುತ್ತಿರಲಿಲ್ಲ, ನಂಬಿದ್ದನ್ನೇ ಹೇಳುತ್ತಿದ್ದಳು. ಗ್ಲೌಸ್ ಇರುವುದು ಅವಳ ಕೈ ಕಾಯುವುದಕ್ಕೆ. ಮಲಗಿದವಳ ಹೊಟ್ಟೆ ಕಾಯುವುದಕ್ಕೂ ಅದೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲವೋ ಏನೋ. ಹೇಳಬೇಕಾದವರು ಅಷ್ಟರಲ್ಲಿ ಪರದೆ ಸರಿಸಿಕೊಂಡು ಬಂದರು.

ಡಾಕ್ಟರು ನಮ್ಮ ಕಡೆಯ ದೊಡ್ಡ ಮನುಷ್ಯರು. ಅವರು ಎದುರು ಬಂದರೆ ಕಾಫಿ ಪ್ಲಾಂಟರುಗಳೂ ಎದ್ದು ನಿಲ್ಲುತ್ತಾರೆ. ಬಗ್ಗಿ ಗಾಯ ನೋಡಿದರು, ಬೆರಳಿನಿಂದ ಅಂಚು ಒತ್ತಿದರು. ಆ ಬೆರಳು ಎಲ್ಲಿಂದ ಬಂತು, ಯಾವ ಮಂಚದಿಂದ ಬಂತು, ದೇವರಿಗೇ ಗೊತ್ತು. "ಇನ್ನೂ ಮಾಗಿಲ್ವಲ್ಲ. ಮನೇಲಿ ಏನು ಕೊಡ್ತಿದೀರಿ? ಬದನೆಕಾಯಿ ಗಿದನೆಕಾಯಿ ಏನಾದ್ರೂ?"

ಆ ಮಾತು ಕೇಳಿ ನನ್ನ ಮೈ ಉರಿದುಹೋಯಿತು. ಅತ್ತೆ ಹೇಳಿದರೆ ಸಹಿಸಿಕೊಂಡೆ. ಅವರ ಅಮ್ಮ ಅವರಿಗೆ ಹೇಳಿದ್ದು, ಅವರು ನನಗೆ ಹೇಳಿದರು. ಕಾಲೇಜಿನಲ್ಲಿ ಅಷ್ಟು ವರ್ಷ ಓದಿ ಬಂದ ಮನುಷ್ಯರಿಗೂ ಬೇಸಿನ್ನಿನ ಡಬ್ಬ ಕಾಣಲಿಲ್ಲ, ನೋಡಿಯೇ ಇರದ ನನ್ನ ಅಡುಗೆಮನೆಯ ಬದನೆಕಾಯಿ ಮಾತ್ರ ಕಂಡಿತು. ಬೇಳೆಯೂ ಇಲ್ಲದೆ ಒಣಗುತ್ತಿರುವ ಹುಡುಗಿ ಅವರೆದುರಿಗೇ ಮಲಗಿದ್ದಾಳೆ. ಎಷ್ಟು ಸಲೀಸು! ತಪ್ಪು ಹೊರಿಸಲು ಹೆಂಗಸರು ಅಡುಗೆ ಮಾಡುವ ಒಂದು ಕೋಣೆ ಇದ್ದರೆ, ಬೇರೆ ಯಾವ ಕೋಣೆಯನ್ನೂ ಗುಡಿಸುವ ಅಗತ್ಯವೇ ಇಲ್ಲ.

"ಡಾಕ್ಟ್ರೇ" ಎಂದೆ, "ಹೊರಗೆ ಕೂತಿರೋ ಹೆಂಗಸರಿಗೆ ಬೇರೆ ಬೇರೆ ತಿಂಡಿ ನಂಜಾಗಿದೆ. ಆದ್ರೆ ಗಾಯ ಎಲ್ಲರಿಗೂ ಒಂದೇ ಥರ. ಆ ಡಬ್ಬ ತೆಗೆಸಿ. ಎಲ್ಲರೂ ಕೈ ತೊಳ್ಕೊಳ್ಳಿ. ಆಮೇಲೆ ಇವಳನ್ನ ಮುಟ್ಟಿ."

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ನೀವು ಯಾವ ಕಾಲೇಜಲ್ಲಿ ಮೆಡಿಕಲ್ ಮಾಡಿದ್ದು?"

"ಮಾಡಿಲ್ಲ. ಅಡುಗೆ ಮಾಡ್ತೀನಿ. ಕೈ ತೊಳ್ದು ಮಾಡ್ತೀನಿ."

ಪರದೆಯ ಸಂದಿಯಿಂದ ನಮ್ಮನೆಯವರ ಮುಖ ಕಂಡಿತು. "ಏಯ್, ಸುಮ್ನಿರೇ ಮಾರಾಯ್ತಿ. ಅವರ ಕೈಯಲ್ಲೇ ನಾನು ಹುಟ್ಟಿದ್ದು."

"ಹಾಗಾದ್ರೆ ಆವಾಗ ತೊಳ್ಕೊಂಡಿದ್ರು ಅಂತ ಕಾಣುತ್ತೆ" ಎಂದೆ. ಮಂಚದ ಮೇಲಿದ್ದ ನಾದಿನಿಯ ಹೊಟ್ಟೆ ನಡುಗಿತು. ಅತ್ತಳೋ ಎಂದು ನೋಡಿದೆ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಯಾರೂ ಡಬ್ಬ ತೆಗೆಯುವ ಹಾಗೆ ಕಾಣಲಿಲ್ಲ. ನಾನೇ ಎತ್ತಿ ನೆಲದ ಮೇಲಿಟ್ಟೆ. ಭಾರವಿತ್ತು. ನಲ್ಲಿ ತಿರುಗಿಸಿದರೆ ಮೊದಲು ಗಾಳಿ ಕೆಮ್ಮಿತು, ಆಮೇಲೆ ತುಕ್ಕಿನ ಕೆಂಪು ನೀರು, ಆಮೇಲೆ ತಿಳಿ. ಸೋಪು ತೆಗೆದು ನರ್ಸಮ್ಮನ ಕಡೆ ಹಿಡಿದೆ. ಅವಳು ಡಾಕ್ಟರ ಮುಖ ನೋಡಿದಳು. ಅವರು ಗೋಡೆ ನೋಡಿದರು. ಅವಳು ಗ್ಲೌಸ್ ಕಿತ್ತೆಸೆದು, ಸಿಟ್ಟಿನಲ್ಲೇ, ಮೊಣಕೈವರೆಗೆ ನೊರೆ ಮಾಡಿಕೊಂಡು ತೊಳೆದಳು. ಸಿಟ್ಟಿನಲ್ಲಿ ತೊಳೆದರೂ ಕೈ ಶುದ್ಧವಾಗುತ್ತದೆ, ನನಗೆ ಅಷ್ಟು ಸಾಕಿತ್ತು.

"ಹೊಸ ಗ್ಲೌಸ್ ಬೇಕಂದ್ರೆ ಹೊರಗೆ ಮೆಡಿಕಲ್ ಸ್ಟೋರಿಂದ ತನ್ನಿ" ಎಂದಳು. ನಮ್ಮನೆಯವರು ಗೊಣಗುತ್ತಾ ಹೋಗಿ ತಂದರು. ಆಪರೇಷನ್ ಕೋಣೆಯಿಂದ ಕುದಿಸಿಟ್ಟ ಇಕ್ಕಳ ಬಂತು. ಇತ್ತಲ್ಲ! ಒಳಗೆ ಎಲ್ಲವೂ ಇತ್ತು. ಹೊರಗೆ ತರುವ ಮನಸ್ಸು ಇರಲಿಲ್ಲ, ಅಷ್ಟೇ.

ಹೊರಡುವಾಗ ಡಾಕ್ಟರು ನಮ್ಮನೆಯವರ ಹೆಗಲ ಮೇಲೆ ಕೈಯಿಟ್ಟು ಹೇಳಿದರು, "ಮುಂದಿನ ಸಲ ನಿಮ್ಮ ತಾಯಿಯವರನ್ನೇ ಕಳಿಸಿಕೊಡಿ."

ಜೀಪು ಪೇಟೆ ದಾಟಿತು. ನಮ್ಮನೆಯವರ ಮಾತು ಶುರು. "ನಾಳೆ ಮನೇಲಿ ಯಾರಿಗಾದ್ರೂ ಏನಾದ್ರೂ ಆದ್ರೆ ಇದೇ ಬಾಗಿಲಿಗೆ ಬರಬೇಕು. ಯೋಚನೆ ಬೇಡ್ವಾ? ಅವ್ರಿಗೆ ಗೊತ್ತಿಲ್ಲದ್ದು ನಿಂಗೆ ಗೊತ್ತಾ?"

"ನಿನ್ನೆ ಸಂಜೆ ಪಲ್ಪರ್ ಯಾಕೆ ತೊಳೆಸಿದ್ರಿ?"

"ಅದಕ್ಕೂ ಇದಕ್ಕೂ ಏನೇ ಸಂಬಂಧ?"

ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಅದರ ಸಂದಿಯಲ್ಲಿ ನಿನ್ನೆಯ ಒಂದು ಬೀಜ ಉಳಿದರೂ ಅದು ಕೊಳೆತು ಇವತ್ತಿನ ಕಾಫಿಗೆಲ್ಲ ನಾತ ಹಿಡಿಸುತ್ತದೆ. ಆದ್ದರಿಂದ ಕುಯ್ಲಿನ ಕಾಲದಲ್ಲಿ ಎಷ್ಟೇ ಸುಸ್ತಾಗಿರಲಿ, ಕತ್ತಲಾಗುವ ಮುಂಚೆ ಯಂತ್ರಕ್ಕೆ ನೀರು ಬಿಟ್ಟು, ತೊಟ್ಟಿ ಉಜ್ಜಿಸಿ, ತಾವೇ ಬಗ್ಗಿ ಸಂದಿಗೆ ಬೆರಳು ಹಾಕಿ ನೋಡುತ್ತಾರೆ. ಮೇಸ್ತ್ರಿ ಸರಿಯಾಗಿ ಉಜ್ಜಿಸದಿದ್ದರೆ ಅವರ ಕೂಗು ಮನೆಯವರೆಗೂ ಕೇಳಿಸುತ್ತದೆ.

"ಒಂದು ಕೊಳೆತ ಬೀಜದಿಂದ ಕಾಫಿ ಕೆಡುತ್ತೆ ಅನ್ನೋದು ನಿಮಗೆ ಗೊತ್ತು" ಎಂದೆ. "ಆ ಕಾಲಿನ ಕೀವು ಮುಟ್ಟಿದ ಇಕ್ಕಳ ನಿಮ್ಮ ತಂಗಿ ಹೊಟ್ಟೆಗೆ ಹೋದ್ರೆ ಏನಾಗುತ್ತೆ ಅಂತ ಮಾತ್ರ ಡಾಕ್ಟ್ರೇ ಹೇಳಬೇಕಾ?"

ಅವರು ಗೇರ್ ಬದಲಾಯಿಸಿದರು. "ಕಾಫಿ ನಾತ ಬಂದ್ರೆ ಕ್ಯೂರಿಂಗಿನವರು ಬೀಜ ತಗೊಳ್ಳೋವಾಗ ಮೂಸಿ ವಾಪಸ್ ಕಳಿಸ್ತಾರೆ. ಅದಕ್ಕೇ ನಮಗೆ ಭಯ" ಎಂದರು. ಜಗಳಕ್ಕೆ ಹೇಳಿದರೋ, ಒಪ್ಪಿ ಹೇಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಅದಕ್ಕಿಂತ ನಿಜವಾದ ಮಾತನ್ನು ಈ ವಿಷಯದಲ್ಲಿ ನಾನು ಕೇಳಿಲ್ಲ. ಕಾಫಿ ಬೀಜಕ್ಕೆ ಮೂಸಿ ನೋಡುವವರು ಇದ್ದಾರೆ. ನಮ್ಮ ಹೆಂಗಸರ ಹೊಟ್ಟೆಯನ್ನು ಕೆಡಿಸಿ ಕಳಿಸಿದರೆ ವಾಪಸ್ ಕೇಳುವವರು ಯಾರು? ಕೆಟ್ಟದ್ದು ಮನೆಗೆ ಬರುತ್ತದೆ, ಮನೆಯವಳ ತಲೆಗೇ ಸುತ್ತಿಕೊಳ್ಳುತ್ತದೆ.

ಹಿತ್ತಿಲಲ್ಲಿ ಹಂಡೆಯ ನೀರು ಕಾದಿತ್ತು. ಸ್ನಾನ ಮಾಡಿದೆ. ಸೀದಾ ಅಡುಗೆಮನೆಗೆ ಹೋಗಿ ತೊಗರಿಬೇಳೆ ಬೇಯಿಸಿದೆ. ಸೊಪ್ಪು ಹಾಕಿದೆ, ಒಂದು ಮೊಟ್ಟೆ ಬೇಯಿಸಿದೆ, ಅನ್ನದ ಮೇಲೆ ತುಪ್ಪ ಹಾಕಿ ನಾದಿನಿಯ ಮುಂದಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತರು. "ಬೇಳೆ ಕಣೇ ಅದು! ಸಂಸೆಯೋರು ಕೇಳಿದ್ರೆ ಏನು ಹೇಳ್ಲಿ?"

"ನಾನು ಕೊಟ್ಟೆ ಅಂತಾನೇ ಹೇಳಿ, ಅತ್ತೆ. ನಂಜು ನಮ್ಮ ಒಲೆ ಮೇಲಿಲ್ಲ. ಅದನ್ನ ದಿನ ಬಿಟ್ಟು ದಿನ ಜೀಪಲ್ಲಿ ಹೋಗಿ ತರ್ತಾ ಇದ್ವಿ."

ಅಷ್ಟರಲ್ಲಿ ನಾದಿನಿ ಮೊದಲ ತುತ್ತು ಬಾಯಿಗಿಟ್ಟಿದ್ದಳು. ಎರಡನೆಯದು, ಮೂರನೆಯದು. ಅವಳು ಉಣ್ಣುವ ವೇಗ ನೋಡಿ ಅತ್ತೆಯ ಮುಖ ಬದಲಾಯಿತು. ಒಳಗೆ ಹೋಗಿ ತುಪ್ಪದ ಗಿಂಡಿ ತಂದು, ಇನ್ನೊಂದು ಚಮಚ ಹಾಕಿದರು.

ಆ ಗಾಯ ತಕ್ಷಣ ಮಾಗಲಿಲ್ಲ. ಮುಂದಿನ ಪ್ರತಿ ಸಲವೂ ನಾನೇ ಹೋದೆ. ಚೀಲದಲ್ಲಿ ಗ್ಲೌಸ್ ಇಟ್ಟುಕೊಂಡು ಹೋದೆ, ನಲ್ಲಿಯ ಹತ್ತಿರ ನಿಂತೆ. ಡಾಕ್ಟರು ನನ್ನ ಮುಖ ನೋಡುವುದನ್ನು ಬಿಟ್ಟರು. ಬೇಸಿನ್ನಿನ ಡಬ್ಬ ಒಮ್ಮೆ ನೆಲದ ಮೇಲಿರುತ್ತಿತ್ತು, ಒಮ್ಮೆ ಮತ್ತೆ ಬೇಸಿನ್ನಿನಲ್ಲೇ. ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಕೀವು ನಿಂತಿತು, ಮಗುವಿಗೆ ಹಾಲು ಬಂತು. ಎಷ್ಟೋ ವರ್ಷದ ಮೇಲೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಪ್ರತಿ ಮಂಚದ ಕಾಲಿಗೂ ಕೈಗೆ ಹಚ್ಚಿಕೊಳ್ಳುವ ಔಷಧಿಯ ಬಾಟಲಿ ತೂಗುಹಾಕಿದ್ದು ನೋಡಿದೆ. ಆಸ್ಪತ್ರೆಯಲ್ಲೇ ಅಂಟುವ ಸೋಂಕು ಎಂದು ಇದಕ್ಕೆ ಹೆಸರೂ ಇದೆಯಂತೆ, ಗೋಡೆಯ ಮೇಲೆ ಬರೆದಿದ್ದರು. ಹೆಸರಿಟ್ಟಿದ್ದಾರೆ ಎಂದರೆ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನಮಗೆ ಬದನೆಕಾಯಿ ಎಂದರು. ಅದನ್ನು ಓದಿ ನನಗೆ ಸಮಾಧಾನವಾಗಲಿಲ್ಲ, ಹಳೆಯ ಸಿಟ್ಟೇ ಮತ್ತೆ ಬಂತು.

ಅದೆಲ್ಲ ಆಮೇಲಿನದು. ಬೇಳೆ ಬಡಿಸಿದ ಆ ಸಂಜೆ, ಉಂಡು ಮಲಗಿದ್ದ ನಾದಿನಿ ಎದ್ದು ಮಗುವನ್ನು ಮಡಿಲಿಗೆ ತೆಗೆದುಕೊಂಡಿದ್ದಳು. ಪಕ್ಕದ ತೋಟದ ಅಕ್ಕ ಚಪ್ಪಲಿ ಬಿಟ್ಟು ನೇರವಾಗಿ ಬಾಣಂತಿಯ ಕೋಣೆಗೇ ಬಂದರು. ಕೈಯಲ್ಲಿ ಚೀಲ, ಮುಖದಲ್ಲಿ ಬಸ್ಸಿನ ಧೂಳು.

"ಹೆಂಗಿದ್ಯೇ? ಚಿಕ್ಕಮಗಳೂರಿಂದ ಈಗ ಬಸ್ ಇಳಿದೆ. ನಮ್ಮ ಭಾವನ್ನ ಅಡ್ಮಿಟ್ ಮಾಡಿದಾರಲ್ಲ, ನೋಡ್ಕೊಂಡು ಬಂದೆ. ಪಾಪ, ಆ ವಾರ್ಡಲ್ಲಿ ಏನು ವಾಸನೆ ಅಂತೀಯ!" ಎನ್ನುತ್ತಾ ಮಂಚದ ಅಂಚಿಗೆ ಕೂತು ಮಗುವಿನ ಕಡೆ ಎರಡೂ ಕೈ ಚಾಚಿದರು. "ಕೊಡಿಲ್ಲಿ ಬಂಗಾರಾನ. ಗಾಯ ಎಲ್ಲಿ, ತೋರ್ಸು ನೋಡೋಣ."

ನಾನು ನಡುವೆ ಬಂದು ನಿಂತೆ. "ಅಕ್ಕ, ಹಿತ್ತಿಲಲ್ಲಿ ಬಿಸಿನೀರಿದೆ. ಸೋಪು ಅಲ್ಲೇ ಇದೆ. ಮೊದ್ಲು ಕೈ ತೊಳ್ಕೊಂಡು ಬನ್ನಿ."

ಅಕ್ಕ ನಕ್ಕರು. "ಅಯ್ಯೋ, ನಂಗೊತ್ತಿಲ್ವೇನೇ ಮಾರಾಯ್ತಿ? ಮನೆಗೆ ಹೋದ್ಮೇಲೆ ಹೆಂಗೂ ತಲೆ ಮೇಲೆ ನೀರು ಹಾಕ್ಕೊಳ್ಳಲೇಬೇಕಲ್ಲ. ಸ್ನಾನ ಆದ್ಮೇಲೆ ಮತ್ತೆ ಎಲ್ಲಿ ಹೊರಗೆ ಬರೋದು ಅಂತಾನೇ ಮೊದ್ಲು ಇಲ್ಲಿಗೆ ಬಂದೆ."